ನೀರು ಕುಡಿದ ಮೂಲೆ

ಹೊಸದಾಗಿ ಬಣ್ಣ ಹೊಡೆದ ಮನೆ ಕಂಡರೆ ಬಾಡಿಗೆ ಮನೆಯಲ್ಲಿರುವ ನಮ್ಮಂಥವರ ಕಣ್ಣು ಅಲ್ಲೇ ನೆಟ್ಟುಬಿಡುತ್ತದೆ. ನಲ್ಲಿ ತಿರುಗಿಸಿದರೆ ನೀರು ಬಂತು, ಗುಂಡಿ ಒತ್ತಿದರೆ ದೀಪ ಹತ್ತಿತು, ಸಾಕು, ಒಳ್ಳೆಯ ಮನೆ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ನಾನು ಟೈಲರ್. ಒಂದು ತುಂಡು ಬಟ್ಟೆ ಕೊಳ್ಳುವಾಗ ಜನ ಮಡಿಕೆ ಬಿಡಿಸಿ, ಬೆಳಕಿಗೆ ಹಿಡಿದು, ಅಂಚು ಜಗ್ಗಿ ನೋಡುವುದನ್ನು ದಿನವೂ ಕಾಣುತ್ತೇನೆ. ಅದೇ ಜನ ಮನೆ ಕೊಳ್ಳುವಾಗ ನಾಚಿಕೊಂಡು ಬಾಗಿಲಲ್ಲೇ ನಿಲ್ಲುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ನನ್ನ ಅಂಗಡಿಯ ಪಕ್ಕದಲ್ಲೇ ಕ್ಷೌರದಂಗಡಿ. ನಡುವೆ ಇರುವುದು ಬರೀ ಹಲಗೆ ಗೋಡೆ. ಹಾಗಾಗಿ ಅಲ್ಲಿ ಆಡಿದ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. ಅದನ್ನು ನಡೆಸುವವನನ್ನು ನಾನು ಅಣ್ಣ ಅನ್ನುತ್ತೇನೆ. ಒಳ್ಳೆಯವನು, ಕೆಲಸದಲ್ಲಿ ಗಟ್ಟಿಗ. ಗಿರಾಕಿಗಳಲ್ಲಿ ಅವನಿಗೆ ತುಂಬ ಬೇಕಾದವರು ಒಬ್ಬ ಯಜಮಾನರು. ಅವರ ಮಾತು ಬಲು ಸಿಹಿ, ಅದಕ್ಕೆ ನಾವು ಅವರನ್ನು ಸಕ್ಕರೆ ಯಜಮಾನರು ಅನ್ನುತ್ತಿದ್ದೆವು. ಗಡ್ಡಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಲೇ ಅವರು ಒಂದು ದಿನ ತಮ್ಮ ಹಳೆಯ ಮನೆಯನ್ನು ಅಣ್ಣನಿಗೆ ಮಾರುವ ಮಾತೆತ್ತಿದರು. ಗಡ್ಡ ಮುಗಿಯುವಷ್ಟರಲ್ಲಿ ಅಣ್ಣ ಹೂಂ ಅಂದಿದ್ದ.

"ಕಾಗದ ಪತ್ರ ನೋಡಿದ್ಯಾ ಅಣ್ಣ?" ಎಂದು ಕೇಳಿದೆ.

"ಇಷ್ಟು ವರ್ಷದಿಂದ ನನ್ನ ಕತ್ತಿಗೆ ಕುತ್ತಿಗೆ ಒಡ್ಡಿ, ಕಣ್ಣು ಮುಚ್ಚಿ ಕೂರ್ತಾರೆ ಟೈಲರಮ್ಮ. ಅವರು ನನ್ನ ಅಷ್ಟು ನಂಬಿರುವಾಗ, ನಾನು ಕಾಗದ ತೋರಿಸಿ ಅಂದ್ರೆ ಅವಮಾನ ಮಾಡಿದ ಹಾಗಲ್ವಾ?"

ಬರುವ ಸೋಮವಾರ ಮುಂಗಡ ಕೊಡುವುದೆಂದು ಮಾತಾಗಿತ್ತು. ಒಂದು ಚೀಟಿಯೂ ಇಲ್ಲ, ಎಲ್ಲ ಬಾಯಿ ಮಾತು. ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದೆಲ್ಲ ಅದರಲ್ಲೇ ಹೋಗುವುದಿತ್ತು.

ಯಜಮಾನರು ಧಾರಾಳವಾಗಿ ಬೀಗದ ಕೈ ಮೊದಲೇ ಕೊಟ್ಟಿದ್ದರು. ಶನಿವಾರ ಬೆಳಿಗ್ಗೆ ಅಣ್ಣನ ಹೆಂಡತಿ ಮನೆ ತೊಳೆಯಲು ಹೊರಟಳು. ಅವಳನ್ನು ನಾನು ಅತ್ತಿಗೆ ಅನ್ನುತ್ತೇನೆ. ಮಗಳು ಪುಟ್ಟಿಯೂ ಜೊತೆಗಿದ್ದಳು. ನಾನು ಪೊರಕೆ ಹಿಡಿದು ಹಿಂದೆ ಹೋದೆ.

ಹಿಂದುಗಡೆಯ ಸಣ್ಣ ಕೋಣೆ ಪುಟ್ಟಿಯದೆಂದು ತೀರ್ಮಾನವಾಗಿತ್ತು. ಕಿಟಕಿ ಪಕ್ಕದ ಮೂಲೆಗೆ ಅವಳ ಮಂಚ ಬರಬೇಕು. ಅತ್ತಿಗೆ ಒಂದು ಬಕೆಟ್ ನೀರು ಸುರಿದಳು. ನೀರು ಬಾಗಿಲ ಕಡೆ ಹರಿಯಬೇಕಿತ್ತು, ಹರಿಯಲಿಲ್ಲ. ಎಲ್ಲ ಒಟ್ಟುಗೂಡಿ ಕಿಟಕಿಯ ಮೂಲೆಗೆ ಓಡಿತು. ಅಲ್ಲಿ ಟೈಲ್ಸಿನ ಸಂದಿಯಲ್ಲಿ ಗುಳುಗುಳು ಅಂದು ಇಳಿದುಹೋಯಿತು. ಯಾರೋ ಕೆಳಗಿದ್ದುಕೊಂಡು ಕುಡಿದ ಹಾಗಿತ್ತು ಆ ಸದ್ದು.

ಅತ್ತಿಗೆ ಇನ್ನೊಂದು ಬಕೆಟ್ ತಂದು ಸುರಿದಳು. ಅದೂ ಹಾಗೇ ಇಳಿಯಿತು. ಪುಟ್ಟಿ ಕುತೂಹಲದಿಂದ ಮೂಲೆಯ ಕಡೆ ಹೆಜ್ಜೆ ಇಟ್ಟಳು. ಅತ್ತಿಗೆ ಎಂಥ ಕೂಗು ಕೂಗಿದಳೆಂದರೆ ಮಗು ನಿಂತಲ್ಲೇ ಅತ್ತುಬಿಟ್ಟಿತು. ಮಗುವನ್ನು ಬಾಚಿಕೊಂಡು ಬೀದಿಗೆ ಓಡಿದೆವು. ಬಕೆಟ್, ಪೊರಕೆ ಎಲ್ಲ ಅಲ್ಲೇ ಬಿತ್ತು.

ಅಣ್ಣನಿಗೆ ಹೇಳಿದರೆ ಅವನು ನಕ್ಕ.

"ಹಳೇ ಮನೆ ಕಣೇ, ನೆಲ ಸ್ವಲ್ಪ ಇಳಿಜಾರು ಇರುತ್ತೆ. ಒಳಗೆ ದೆವ್ವ ಇದ್ರೂ ಹೆದರಬೇಡ, ಕೂರಿಸಿ ಕಟಿಂಗ್ ಮಾಡಿ ಕಳಿಸ್ತೀನಿ."

"ತಮಾಷೆ ಬೇಡ ರೀ. ಆ ಕೋಣೇಲಿ ನಿಂತಾಗ ನನ್ನ ಕಾಲು ನಡುಗ್ತಿತ್ತೋ, ನೆಲಾನೇ ನಡುಗ್ತಿತ್ತೋ ಗೊತ್ತಾಗಲಿಲ್ಲ. ನನ್ನ ಮಗಳನ್ನ ಅಲ್ಲಿ ಮಲಗಿಸಲ್ಲ."

"ಸೋಮವಾರಕ್ಕೆ ಮಾತು ಕೊಟ್ಟಾಗಿದೆ. ಈಗ ಯಾವ ಮುಖ ಇಟ್ಕೊಂಡು ಬೇಡ ಅನ್ನಲಿ?"

ಅತ್ತಿಗೆ ಆ ದಿನ ಊಟ ಮಾಡಲಿಲ್ಲ. ನನಗೂ ಹೊಲಿಗೆಯಲ್ಲಿ ಮನಸ್ಸು ನಿಲ್ಲಲಿಲ್ಲ. ನನ್ನ ತಂಗಿ ಇಂಜಿನಿಯರ್, ಹಳೆಯ ಕಟ್ಟಡಗಳನ್ನು ಪರೀಕ್ಷೆ ಮಾಡುವುದೇ ಅವಳ ಕೆಲಸ. ಫೋನ್ ಮಾಡಿ, ನಾಳೆಯೇ ಬಾ ಎಂದು ಗೋಗರೆದೆ.

ಭಾನುವಾರ ಬಂದಳು. ಅಣ್ಣನೂ ಗೊಣಗುತ್ತಾ ಬಂದ. ತಂಗಿ ಬಣ್ಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮೊದಲು ಮನೆಯ ಹೊರಗೆ ಒಂದು ಸುತ್ತು ಹಾಕಿದಳು. ಕಿಟಕಿಯ ಕೆಳಗೆ ಗೋಡೆಯಲ್ಲಿ ಓರೆಯಾಗಿ ಓಡಿದ ಬಿರುಕು ತೋರಿಸಿದಳು. ಅದರ ಮೇಲೆ ಸಿಮೆಂಟ್ ಮೆತ್ತಿ ಬಣ್ಣ ಬಳಿದಿದ್ದರು. ಆಮೇಲೆ ಕೋಣೆಯ ಬಾಗಿಲಲ್ಲೇ ಕೂತು, ಕೈ ಚಾಚಿ, ಸುತ್ತಿಗೆಯ ಹಿಡಿಯಿಂದ ನೆಲ ತಟ್ಟುತ್ತಾ ಹೋದಳು. ಟಕ್, ಟಕ್, ಟಕ್. ನಡುವೆ ಎಲ್ಲೋ ಸದ್ದು ಬದಲಾಯಿತು. ಖಾಲಿ ಡ್ರಮ್ ಬಡಿದ ಹಾಗೆ ಕೇಳಿಸಿತು.

"ಒಳಗೆ ಯಾರೂ ಕಾಲಿಡಬೇಡಿ," ಅಂದಳು. ಅವಳ ದನಿಯಲ್ಲಿ ಹೆದರಿಕೆ ಇತ್ತು. "ಕೆಳಗೆ ಟೊಳ್ಳಿದೆ. ಎಷ್ಟು ಆಳವೋ ಗೊತ್ತಿಲ್ಲ. ಅಕ್ಕಪಕ್ಕದವರನ್ನ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಹೊಸ್ತಿಲಲ್ಲೇ ಕೂತಿದ್ದರು. ಹೋಗಿ ಕೇಳಿದೆವು.

"ಅಲ್ಲಿ ಬಾವಿ ಇತ್ತಲ್ಲ ಮಗಳೇ. ಬೀದಿಗೆಲ್ಲ ಅದೇ ನೀರು. ಆಮೇಲೆ ಚಪ್ಪಡಿ ಮುಚ್ಚಿ ಅದರ ಮೇಲೇ ಕೋಣೆ ಕಟ್ಟಿದ್ರು. ತುಂಬಿಸಿದ್ದನ್ನಂತೂ ನಾನು ಕಾಣಲಿಲ್ಲ."

"ಮೊದಲೇ ಒಂದು ಮಾತು ಹೇಳಬಾರದಿತ್ತಾ ಅಜ್ಜಿ?" ಎಂದಳು ಅತ್ತಿಗೆ.

"ಮನೆ ನೋಡೋಕೆ ಬಂದವರೆಲ್ಲ ಗೋಡೆ ನೋಡ್ಕೊಂಡು ಹೋದ್ರು. ನನ್ನನ್ನ ಯಾರು ಕೇಳಿದ್ರು?"

ಇಷ್ಟಾದರೂ ಅಣ್ಣನ ಮನಸ್ಸು ಒಪ್ಪಲಿಲ್ಲ. ಅಜ್ಜಿಗೆ ಅರಳು ಮರಳು, ಬಾವಿ ಇದ್ದಿದ್ದರೆ ಯಜಮಾನರು ತನಗೆ ಹೇಳದೆ ಇರುತ್ತಿರಲಿಲ್ಲ ಎಂದ.

ಸೋಮವಾರ ಬೆಳಿಗ್ಗೆ ಯಜಮಾನರು ಕುರ್ಚಿಯಲ್ಲಿ ಕೂತರು. ನಾನು ಹೊಲಿಗೆ ಮಿಷನ್ ನಿಲ್ಲಿಸಿ ಅಣ್ಣನ ಅಂಗಡಿಯ ಬಾಗಿಲಿಗೆ ಹೋಗಿ ನಿಂತೆ. ಕತ್ತಿ ಕೆನ್ನೆ ಇಳಿದು ಗಂಟಲಿಗೆ ಬಂದಿತ್ತು.

"ಯಜಮಾನ್ರೇ, ನಮ್ಮ ಹೆಂಗಸರು ಏನೋ ಬಾವಿ ಬಾವಿ ಅಂತಾರೆ. ಇಲ್ಲ ಅಂತ ಒಂದು ಮಾತು ಅಂದ್ಬಿಡಿ, ಇವರ ಬಾಯಿ ಮುಚ್ಚಿಸ್ತೀನಿ."

ಯಜಮಾನರು ಕಣ್ಣು ತೆರೆದರು. ಕತ್ತಿಯ ಅಲಗಿನ ಕೆಳಗೆ ಅವರ ಗಂಟಲಿನ ಗಂಟು ಮೇಲೆ ಹೋಗಿ ಅಲ್ಲೇ ನಿಂತಿತು. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಣ್ಣ ಕತ್ತಿಯನ್ನು ಮೆಲ್ಲಗೆ ಹಿಂದೆ ತೆಗೆದು ಮೇಜಿನ ಮೇಲಿಟ್ಟ.

"ಗೊತ್ತಿತ್ತಪ್ಪಾ," ಯಜಮಾನರು ಪಿಸುಗುಟ್ಟಿದರು. "ನೆಲ ಇಳೀತಾ ಇದೆ ಅಂತ ಗೊತ್ತಾದ ಮೇಲೆ ನಾನೂ ಆ ಕೋಣೆಗೆ ಹೋಗಿಲ್ಲ. ಹೇಳಿದ್ರೆ ಯಾರು ತಗೋತಾರೆ?"

"ನೀವು ಹೆದರಿ ಕಾಲಿಡದ ಕೋಣೇಲಿ ನನ್ನ ಮಗಳು ಮಲಗಬೇಕಿತ್ತಾ?"

ಯಜಮಾನರು ತಲೆ ತಗ್ಗಿಸಿದರು. ಅರ್ಧ ಗಡ್ಡದಲ್ಲೇ ಎದ್ದು ಹೋದರು.

ಮುಂಗಡ ಕೊಡುವುದು ಅಲ್ಲಿಗೆ ನಿಂತಿತು. ಆದರೆ ತಂಗಿ ಬಿಡಲಿಲ್ಲ. ನಾವು ತಪ್ಪಿಸಿಕೊಂಡರೆ ನಾಳೆ ಇನ್ನೊಬ್ಬರು ಸಿಕ್ಕಿಬೀಳುತ್ತಾರೆ ಎಂದು ಯಜಮಾನರ ಮನೆಗೇ ಹೋಗಿ ಕೂತಳು. ನೆಲ ತೆಗೆಸಿ ನೋಡುವುದಕ್ಕೆ ಕೊನೆಗೆ ಅವರು ಒಪ್ಪಿದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಗಾರೆಯವನೊಬ್ಬ ಒಳಗೆ ಹೋದ. ನಾವೆಲ್ಲ ಬಾಗಿಲಾಚೆ ನಿಂತಿದ್ದೆವು. ಅವನು ಒಂದು ಟೈಲ್ ಎಬ್ಬಿಸಿ, ಹಾರೆಯನ್ನು ಚಪ್ಪಡಿಗೆ ತಾಗಿಸಿದ್ದಷ್ಟೇ. ಚಪ್ಪಡಿಯ ತುಂಡೊಂದು ಕಳಚಿ ಕೆಳಗೆ ಹೋಯಿತು.

ಸದ್ದಿಲ್ಲ. ಎಲ್ಲರೂ ಕಿವಿಗೊಟ್ಟು ನಿಂತೆವು. ಬೀಳುತ್ತಲೇ ಇದೆಯೇನೋ ಅನ್ನಿಸುವಷ್ಟು ಹೊತ್ತಾದ ಮೇಲೆ, ತಳದಲ್ಲಿ ನೀರು ಧೊಪ್ಪೆಂದಿತು.

ಅಣ್ಣ ಪುಟ್ಟಿಯನ್ನು ಎತ್ತಿ ಎದೆಗೆ ಒತ್ತಿಕೊಂಡವನು ಅಂದು ಸಂಜೆಯವರೆಗೂ ಕೆಳಗಿಳಿಸಲಿಲ್ಲ.

ಆಮೇಲೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವನೇ ತಂಗಿಯನ್ನು ಕೇಳಿದ.

"ಮನೆ ಕೊಳ್ಳೋದು ಹೇಗಮ್ಮಾ? ನನಗೆ ಏನೂ ಗೊತ್ತಿಲ್ಲ. ಮೊದಲಿಂದ ಹೇಳು."

"ನೀವು ಈಗ ಕೇಳಿದ್ರಲ್ಲ ಅಣ್ಣ, ಹಾಗೆ ಕೇಳೋದೇ ಮೊದಲ ಕೆಲಸ. ಮನೇನ ಒಂದೇ ಸಲ ನೋಡಿ ಬರಬೇಡಿ. ಬೆಳಿಗ್ಗೆ ಹೋಗಿ, ಸಂಜೆ ಹೋಗಿ, ಮಳೆ ಬಂದಾಗಲೂ ಹೋಗಿ. ಹೊಸ ಬಣ್ಣ ಕಂಡ್ರೆ, ಇದರ ಹಿಂದೆ ಏನಿದೆ ಅಂತ ಕೇಳಿ. ತಿಳಿದವರನ್ನ ಕರ್ಕೊಂಡು ಹೋಗಿ."

"ಅದಕ್ಕೂ ಖರ್ಚಾಗಲ್ವಾ?"

"ಆಗುತ್ತೆ. ಆಮೇಲೆ ಅಳೋದಕ್ಕಿಂತ ಕಮ್ಮೀನೇ."

"ಮತ್ತೆ ಕಾಗದ?"

"ವಕೀಲರ ಹತ್ರ ತೋರಿಸಿ. ಮಾರೋರ ಹೆಸರಲ್ಲೇ ಮನೆ ಇದೆಯಾ, ಅದರ ಮೇಲೆ ಸಾಲ ಇದೆಯಾ, ಕೋರ್ಟಲ್ಲಿ ತಕರಾರಿದೆಯಾ, ಅಣ್ಣತಮ್ಮ ಅಕ್ಕತಂಗಿಯರ ಪಾಲಿದ್ರೆ ಅವರೆಲ್ಲ ಸಹಿ ಹಾಕ್ತಾರಾ, ಅಷ್ಟೂ ಗೊತ್ತಾಗಬೇಕು. ಕರಾರು ಬರೆಸದೆ ಮುಂಗಡ ಕೊಡಬೇಡಿ. ಕೊಡುವಾಗ ಬ್ಯಾಂಕ್ ಮೂಲಕ ಕೊಡಿ."

"ಇಷ್ಟೆಲ್ಲ ಕೇಳಿದ್ರೆ ಅವರಿಗೆ ಬೇಜಾರಾದ್ರೆ?"

"ಸರಿಯಾಗಿರೋ ಮನೆ ಮಾರೋರು ಬೇಜಾರು ಮಾಡ್ಕೊಳ್ಳಲ್ಲ ಅಣ್ಣ. ಮಾಡ್ಕೊಂಡ್ರೆ ಆ ಮನೆ ಬಿಟ್ಟುಬಿಡಿ."

ಅಣ್ಣ ಬೇರೆ ಮನೆ ಕೊಂಡ, ಅವಸರ ಮಾಡದೆ, ಎಲ್ಲ ಕೇಳಿ, ಎಲ್ಲ ಬರೆಸಿ. ಸಕ್ಕರೆ ಯಜಮಾನರೂ ತಂಗಿ ಹೇಳಿದಂತೆ ಬಾವಿ ತುಂಬಿಸಿ, ನೆಲ ಗಟ್ಟಿ ಮಾಡಿಸಿದರು. ಮಾರುವಾಗ ಕೊಳ್ಳುವವರಿಗೆ ಅಲ್ಲಿ ಬಾವಿ ಇದ್ದದ್ದನ್ನು ಹೇಳಿ ಕರಾರಿನಲ್ಲೂ ಬರೆಸಿದರು. ಬೆಲೆ ಸ್ವಲ್ಪ ಇಳಿಯಿತಂತೆ, ಇಳಿಯಲಿ. ಈಗ ನಿದ್ದೆ ಬರುತ್ತದೆ ಎಂದು ಅವರೇ ಅಣ್ಣನ ಅಂಗಡಿಯಲ್ಲಿ ಹೇಳಿಕೊಂಡರು.

ಮನೆ ಮಾರುವವರೇ, ನಿಮ್ಮ ಮನೆಯಲ್ಲಿ ಇರುವ ಕೊರತೆಯನ್ನು ಬಾಯಿಬಿಟ್ಟು ಹೇಳಿ. ಬಣ್ಣ ಬಳಿದು ಮುಚ್ಚಬೇಡಿ. ಮನೆ ಕೊಳ್ಳುವವರೇ, ಪರಿಚಯದವರು, ದೊಡ್ಡವರು, ನೊಂದುಕೊಳ್ಳುತ್ತಾರೆ ಎಂದು ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಳ್ಳಬೇಡಿ. ನಿಮ್ಮ ಮನೆಯವರು ಯಾರಾದರೂ ಹೆದರಿಕೆ ಆಗುತ್ತಿದೆ ಎಂದರೆ ನಗಬೇಡಿ, ಏಕೆ ಎಂದು ಹೋಗಿ ನೋಡಿ. ಮುಂಗಡ ಕೊಡುವ ಮುಂಚೆ ಎಷ್ಟು ಕೇಳಿದರೂ ತಪ್ಪಿಲ್ಲ. ಆ ಮನೆಯಲ್ಲಿ ಮಲಗುವವರು ನಿಮ್ಮ ಮಕ್ಕಳು.