ತಾರಸಿಯ ಕೆಂಪು ಬಲ್ಬು

ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿ ಇಲ್ಲ, ಒಂದೂ ಇಲ್ಲ, ದಿನಾ ಬೆಳಿಗ್ಗೆ ಗೂಡಿನ ಮುಚ್ಚಳ ಬೆವೆತು ಒಳಗಿನ ಕೆಂಪು ಬಲ್ಬು ಮಸುಕಾಗಿ ಕಾಣುತ್ತಿತ್ತು, ಇವತ್ತು ಎಲ್ಲ ಸ್ಪಷ್ಟ, ಒಣಹುಲ್ಲು ಸ್ಪಷ್ಟ, ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡ ಆಮೆಮರಿಗಳು ಸ್ಪಷ್ಟ — ಬೀಶಿಯಾ ಸೊಪ್ಪಿನ ಬುಟ್ಟಿಯನ್ನು ತಾರಸಿಯ ನೆಲಕ್ಕೆ ಬಿಟ್ಟು ಓಡಿದಳು, ಪ್ಲಗ್ ಕಿತ್ತಿದೆ, ಕಿತ್ತದ್ದಷ್ಟೇ ಅಲ್ಲ, ವಯರನ್ನು ನೀಟಾಗಿ ಸುತ್ತಿ ನೀರಿನ ಟ್ಯಾಂಕಿನ ಕೊಕ್ಕೆಗೆ ನೇತುಹಾಕಿದೆ, ಅಷ್ಟು ನೀಟಾಗಿ ಸುತ್ತುವವರು ಈ ಮನೆಯಲ್ಲಿ ಒಬ್ಬರೇ, ಅತ್ತೆ, ಮತ್ತೆ ಅತ್ತೆ, ಮಿಯಾವೊಲಿ ಊರಿನ ಮೇಲೆ ಉತ್ತರದ ಚಳಿ ಇಳಿದಿರುವ ಈ ವಾರವೇ ಆಗಬೇಕಿತ್ತೆ, ಮರಿಗಳನ್ನು ಎತ್ತಿಕೊಂಡರೆ ಹೊಳೆಯ ಕಲ್ಲು ಎತ್ತಿದ ಹಾಗೆ, ಒಂದೊಂದನ್ನೇ ಸ್ವೆಟರಿನೊಳಗೆ, ಬನಿಯನ್ನಿನೊಳಗೆ, ಬರಿ ಹೊಟ್ಟೆಗೆ — ತಣ್ಣಗಾದ ಮರೀನ ಒಲೆ ಮುಂದೆ ಹಿಡೀಬೇಡ ಕಣೇ, ಹೊಟ್ಟೆಗೆ ಒತ್ತಿಕೋ, ನಿಧಾನ, ಅದಕ್ಕೂ ಅವಸರ ಆಗಲ್ಲ ನಿನಗೂ ಬೇಡ, ಅನ್ನುತ್ತಿದ್ದ ಗಂಡ ಖುನ್‌ಮಿಂಗ್, ಅವನೇ ಕಟ್ಟಿದ ಗೂಡು ಇದು, ಮೀನಿನಂಗಡಿಯಿಂದ ತಂದ ಥರ್ಮಾಕೋಲು ಗೋಡೆ, ಹಳೆ ಕಿಟಕಿಯ ಚೌಕಟ್ಟು, ಮೊಟ್ಟೆಗಳನ್ನು ಮರಳಲ್ಲಿ ಹೂತಿಟ್ಟು ದಿನಾ ಬಗ್ಗಿ ನೋಡುತ್ತಿದ್ದವನು ವರ್ಷದ ಏಳನೇ ತಿಂಗಳಲ್ಲಿ ಮಲಗಿದಲ್ಲೇ ಹೋಗಿಬಿಟ್ಟ, ಅವನ ನಲವತ್ತೊಂಬತ್ತನೇ ದಿನದ ಪೂಜೆ ಮುಗಿದು ಎಷ್ಟೋ ದಿನದ ಮೇಲೆ ಮರಳು ಅಲುಗಿತು, ಮೂಗಿನ ತುದಿಯೊಂದು ಹೊರಗೆ ಬಂತು, ನೋಡಲು ಅವನಿರಲಿಲ್ಲ.

ಹೊಟ್ಟೆಯ ಮೇಲೆ ಚಳಿ, ಚಳಿಯೊಳಗೆ ಎಲ್ಲೋ ಒಂದು ಉಗುರು ಪರಚಿತು, ಬದುಕಿದೆ, ಇನ್ನೊಂದು, ಇನ್ನೊಂದು, ಮೆಟ್ಟಿಲಿಳಿಯುವಾಗ ಎಡಗಡೆಯದು ಮಾತ್ರ ಸುಮ್ಮನಿದೆ, ಕೆಳಗೆ ತನ್ನ ತಿಂಡಿಯಂಗಡಿಯ ಅರ್ಧ ಎತ್ತಿದ ಶಟರಿನಾಚೆ ಯಾರೋ ಕೂಗುತ್ತಿದ್ದಾರೆ, ಅಕ್ಕಾ, ಮೊಟ್ಟೆದೋಸೆ ಆಯ್ತಾ, ಇವತ್ತು ಅಂಗಡಿ ಇಲ್ಲ ಹೋಗಿ ಅಂದಳೇ, ಅಂದಳು ಅನಿಸುತ್ತೆ, ಬೇಸಿನ್ನಿಗೆ ಉಗುರುಬೆಚ್ಚಗಿನ ನೀರು, ಮೊಣಕೈ ಅದ್ದಿ ನೋಡಿ ಇನ್ನೊಂದಿಷ್ಟು ತಣ್ಣೀರು, ಮರಿಗಳನ್ನು ಮನೆಯೊಳಗೇ ಇಟ್ಟುಕೊಳ್ಳಬಹುದಿತ್ತು, ಇಟ್ಟಿದ್ದಳು ಕೂಡ, ಅತ್ತೆ ಒಂದೊಂದನ್ನೇ ಜೇಬಿಗೆ ಹಾಕಿಕೊಂಡು ಎಲ್ಲೆಲ್ಲೋ ಇಟ್ಟುಬಿಡುತ್ತಿದ್ದರು, ಒಂದು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತ್ತು, ನಕ್ಕಿದ್ದರು ಆಗ ಇಬ್ಬರೂ. ಅತ್ತೆ ಮೇಜಿನ ಮುಂದೆ ಗಂಜಿ ಊದುತ್ತಾ ಕೂತಿದ್ದಾರೆ, ಏನೂ ಆಗದವರ ಹಾಗೆ, ಏನಮ್ಮಾ ಅಂಗಡಿ ತೆಗೀಲಿಲ್ವಾ, ಖುನ್‌ಮಿಂಗ್ ಸಂತೆಯಿಂದ ಬಂದ್ನಾ, ಮತ್ತು ಬೀಶಿಯಾಳೊಳಗೆ ಇಷ್ಟು ತಿಂಗಳು ಬಿಗಿಹಿಡಿದದ್ದು ಏನೋ ಕಿತ್ತುಬಂತು, ಬರಲ್ಲ ಅತ್ತೆ, ಬರಲ್ಲ, ನಿಮ್ಮ ಮಗ ಸತ್ತುಹೋಗಿದ್ದಾನೆ, ಅವನು ಬಿಟ್ಟುಹೋದ ಮರೀನೂ ನೀವು ಸಾಯಿಸಿದ್ರಿ, ಇಗೋ ನೋಡಿ — ಅಲುಗದ ಮರಿಯನ್ನು ಗಂಜಿಯ ಬಟ್ಟಲಿನ ಪಕ್ಕ ಇಟ್ಟೇಬಿಟ್ಟಳು. ಅತ್ತೆ ಅಳಲಿಲ್ಲ, ಬೆರಳ ತುದಿಯಿಂದ ಚಿಪ್ಪು ಸವರಿದರು, ಅದಕ್ಕೇ ಹೇಳೋದು ಹಚ್ಚಬೇಡ ಅಂತ, ಹುಡುಗನ ಅಪ್ಪ ಹೋದಾಗ ಫೋಟೋ ಪಕ್ಕ ಕೆಂಪು ದೀಪ ಹಚ್ಚಿದ್ರು, ಆಮೇಲೆ ಅವರು ಬರಲೇ ಇಲ್ಲ, ನೀನು ಕೆಳಗೂ ಹಚ್ಚಿದೀಯ, ತಾರಸಿ ಮೇಲೂ ಹಚ್ಚಿದೀಯ, ಎಲ್ಲಾ ಕಡೆ ಕೆಂಪು ದೀಪ ಉರೀತಿದ್ರೆ ಹುಡುಗ ಮನೆಗೆ ಹ್ಯಾಗೆ ಬರ್ತಾನೆ ಬೀಶಿಯಾ?

ಕೆಳಗೂ — ಅವಳು ತಿರುಗಿ ನೋಡಿದಳು, ಗೋಡೆಗೊರಗಿದ ಚಿಕ್ಕ ಮೇಜು, ಖುನ್‌ಮಿಂಗನ ಫೋಟೋ, ಧೂಪದ ಬೂದಿ, ಪಕ್ಕದ ಕೆಂಪು ದೀಪ ಆರಿದೆ, ಬಲ್ಬು ಸುಟ್ಟಿದೆ ಅಂದುಕೊಂಡು ಎರಡು ಸಲ ಬದಲಾಯಿಸಿ, ಆದರೂ ಹತ್ತದೆ ಕೈಬಿಟ್ಟಿದ್ದಳಲ್ಲ, ಬಗ್ಗಿ ನೋಡಿದರೆ ಮೇಜಿನ ಕಾಲಿನ ಹಿಂದೆ ಅದೇ ನೀಟಾದ ಸುರುಳಿ, ಅಯ್ಯೋ ನನ್ನಮ್ಮ, ಇಷ್ಟು ದಿನ ಈ ಮುದುಕಿ ಮನೆಯಲ್ಲಿ ಓಡಾಡುತ್ತಾ ಮಗನ ಸಾವನ್ನು ಒಂದೊಂದೇ ಸ್ವಿಚ್ಚಿನಲ್ಲಿ ಆರಿಸುತ್ತಿದ್ದರೇ, ಮೊಬೈಲು ಬಡಿದುಕೊಳ್ಳುತ್ತಿದೆ, ಗಂಡನ ಅಕ್ಕ, ತೈಚುಂಗ್ ನಗರದಿಂದ, ವೃದ್ಧಾಶ್ರಮದವರು ಕೇಳ್ತಿದಾರೆ ಬೀಶಿಯಾ, ಅಮ್ಮನಿಗೆ ಒಂದು ಜಾಗ ಖಾಲಿ ಆಗಿದೆ, ನೀನು ಹೂಂ ಅಂದ್ರೆ ಸಾಕು, ನಿನ್ನೆ ತನಕ ಹೂಂ ಬಾಯಲ್ಲೇ ಇತ್ತು, ಈಗ ಹುಡುಕಿದರೂ ಇಲ್ಲ, ಬೇಡ ಅಕ್ಕ, ಇಲ್ಲೇ ಇರಲಿ, ಆಮೇಲೆ ಮಾತಾಡ್ತೀನಿ. ಅಲುಗದ ಮರಿಯನ್ನು ಕುಂಡದ ಮಣ್ಣಿನಲ್ಲಿ ಹೂತಳು, ಉಳಿದವು ಬೇಸಿನ್ನಿನಲ್ಲಿ ತಲೆಯೆತ್ತಿ ನೀರು ಕುಡಿದವು, ಅವನ್ನು ಪೆಟ್ಟಿಗೆಗೆ ಹಾಕಿ ಪಕ್ಕದ ಮನೆಯವರಿಗೆ ಒಪ್ಪಿಸಿ, ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಗಟ್ಟಿಯಾಗಿ ಹಿಡ್ಕೊಳ್ಳಿ ಅತ್ತೆ, ನಿನ್ನ ಸೊಂಟ ಎಲ್ಲಿ ಸಿಗುತ್ತೆ ಹಿಡ್ಕೊಳ್ಳೋಕೆ, ಇಷ್ಟು ದಪ್ಪ ಆಗಿದೀಯ — ಅಕ್ವೇರಿಯಂ ಅಂಗಡಿಯವನು ಡಬ್ಬಿಯಿಂದ ತೆಗೆದದ್ದು ಪಿಂಗಾಣಿಯ ಕರಿ ಉಂಡೆ, ಬೆಳಕು ಬರಲ್ಲಕ್ಕ, ಬರೀ ಕಾವು, ಹೆಚ್ಚೂಕಮ್ಮಿ ಆದ್ರೆ ತಾನೇ ಆರೋ ಹಾಗೆ ಥರ್ಮೋಸ್ಟಾಟ್ ಹಾಕ್ಕೊಳ್ಳಿ, ಮುಟ್ಟಿದ್ರೆ ಮಾತ್ರ ಸುಟ್ಟುಹೋಗುತ್ತೆ, ಆದಷ್ಟು ಎತ್ತರದಲ್ಲಿ ಕಟ್ಟಿ, ಕೆಳಗೆ ತಂತಿ ಬಲೆ ಇರಲಿ.

ಸಂಜೆಗೆ ಗಾಳಿ ಇನ್ನೂ ಜೋರು, ಬೀಶಿಯಾ ಕೆಂಪು ಬಲ್ಬು ಬಿಚ್ಚಿ ಕರಿಯದನ್ನು ತಿರುಗಿಸಿದಳು, ಬಲೆ ಬಿಗಿದಳು, ಥರ್ಮಾಕೋಲಿನ ಸಂದುಗಳಿಗೆ ಟೇಪು ಒತ್ತಿದಳು, ಕೆಳಗೆ ಫೋಟೋ ಪಕ್ಕದ ದೀಪಕ್ಕೂ ಪ್ಲಗ್ ಹಾಕಬೇಕೆ, ಬೇಡ, ಇವತ್ತು ಬೇಡ, ಖುನ್‌ಮಿಂಗ್ ಕತ್ತಲೆಗೆ ಹೆದರಿದವನಲ್ಲ, ಮರಿಗಳನ್ನು ಹುಲ್ಲಿಗೆ ಬಿಟ್ಟಳು, ಹಿಂದೆ ಚಪ್ಪಲಿಯ ಸದ್ದು, ಅತ್ತೆ ಬಂದಿದ್ದಾರೆ, ವಯರನ್ನು ನೋಡುತ್ತಿದ್ದಾರೆ, ವಯರಿನುದ್ದಕ್ಕೂ ಕಣ್ಣು ಹೋಗಿ ಪ್ಲಗ್ಗಿನಲ್ಲಿ ನಿಂತಿತು. ಇದು ಹತ್ತಿಲ್ಲ ಅಲ್ವಾ? ಇಲ್ಲ ಅತ್ತೆ, ಹತ್ತಿಲ್ಲ. ಕೆಂಪಗೆ ಇಲ್ಲ. ಇಲ್ಲ. ಅತ್ತೆ ಬಗ್ಗಿದರು, ಮುಚ್ಚಳದ ಸಂದಿನಿಂದ ಕೈ ಒಳಗೆ ತೂರಿಸಿದರು, ಬಲೆಯ ಕೆಳಗೆ ಅಂಗೈ ಅಂಗಾತ ಹಿಡಿದರು, ಬೆಚ್ಚಗಿದೆಯಲ್ಲೇ, ಅಂದರು, ಯಾರೂ ಇಲ್ಲ, ಆದರೂ ಬೆಚ್ಚಗಿದೆ, ಕೈ ಹಿಂದಕ್ಕೆ ತೆಗೆಯಲಿಲ್ಲ, ಹೊತ್ತು ಇಳಿಯಿತು, ತೆಗೆಯಲಿಲ್ಲ, ಆ ಕತ್ತಲೆಯಲ್ಲಿ ಆ ಸುಕ್ಕು ಅಂಗೈ, ಬೆರಳು ಬಿಡಿಸಿದ ಅಂಗೈ, ಯಾರೋ ಏನನ್ನೋ ಇಡುತ್ತಾರೆಂದು ಕಾದ ಹಾಗೆ, ಅಂಗೈ —