ಇಸೊಹಾಮ ಪುರಭವನದ ಬಾಗಿಲು

ನಮ್ಮೆಜಮಾನರು ಕುರಮೊಚಿ ತೇಜೊ ನಕ್ಷೆ ಹಾಕಿ ಕಟ್ಟಿಸಿದ ಕಟ್ಟಡಗಳನ್ನು ನೋಡಲು ಈಗಲೂ ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಟೋಕಿಯೊದ ಗ್ರಂಥಾಲಯ, ಒಸಾಕಾದ ರಂಗಮಂದಿರ ಅಂತೆಲ್ಲ ನನ್ನನ್ನು ಕೇಳುತ್ತಾರೆ. ನನಗೆ ನೆನಪಾಗುವುದು ಮಾತ್ರ ಇಸೊಹಾಮ ಎಂಬ ಮೀನುಗಾರರ ಊರಿನ ಪುರಭವನ. ಅವರ ಮೊದಲ ಕೆಲಸ ಅದು. ಯುದ್ಧ ಮುಗಿದು ಇನ್ನೂ ಬಹಳ ಕಾಲ ಆಗಿರಲಿಲ್ಲ. ನಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದೇ ಚಳಿ ಕೋಟು.

ಆ ಊರಿನ ಹಳೆಯ ಕಚೇರಿಯಲ್ಲಿ ಜನ ಕೆಸರು ಬೂಟಿನಲ್ಲೇ ಮಣ್ಣು ನೆಲದ ಮೇಲೆ ನಿಲ್ಲಬೇಕಿತ್ತು. ಅಧಿಕಾರಿಗಳು ಎತ್ತರದಲ್ಲಿ ಕೂತು ಗದರಿಸುತ್ತಿದ್ದರು. ಅದನ್ನು ಕಂಡರೆ ಇವರಿಗೆ ಮೈಯೆಲ್ಲ ಉರಿ. ಹೊಸ ಭವನಕ್ಕೆ ಮೆಟ್ಟಿಲೂ ಬೇಡ, ಹೊಸ್ತಿಲೂ ಬೇಡ, ದೋಣಿಯಿಂದ ಇಳಿದವನು ಬೂಟು ಸಮೇತ ಮೇಯರ್ ಮೇಜಿನವರೆಗೆ ನಡೆದುಹೋಗಲಿ ಎಂದು ಹಟ ಹಿಡಿದರು. ಅಲ್ಲಿಯವರೆಗೆ ದೇವಸ್ಥಾನ ಕಟ್ಟುತ್ತಿದ್ದ ಬಡಗಿಗಳೇ ಕಾಂಕ್ರೀಟಿಗೆ ಹಲಗೆ ಜೋಡಿಸಿದರು. ಹಲಗೆ ಕಿತ್ತಾಗ ಗೋಡೆಯ ತುಂಬ ದೇವದಾರಿನ ಎಳೆಗಳು ಮೂಡಿದ್ದವು.

"ಜನ ಇದನ್ನ ತಮ್ಮದು ಅಂದ್ಕೊಳ್ದೆ ಹೋದ್ರೆ ಈ ಕಸುಬೇ ಬಿಡ್ತೀನಿ ಇತೊಕೊ. ನಿಮ್ಮಪ್ಪನ ತೋಫು ಅಂಗಡೀಲಿ ಸೋಯಾ ರುಬ್ಕೊಂಡು ಇರ್ತೀನಿ," ಅಂತ ಇವರು ನನ್ನ ಹತ್ತಿರ ಅಂದರು. ನಮ್ಮಪ್ಪ ಇವರನ್ನು ರುಬ್ಬುಕಲ್ಲಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ, ಆ ಮಾತು ಬೇರೆ. ಆದರೆ ಇವರು ತಮಾಷೆಗೆ ಹೇಳಿರಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಮೊದಲು ಬಂದ ಮುದುಕ ಮರದ ಚಪ್ಪಲಿಯನ್ನು ಹೊರಗೇ ಬಿಟ್ಟ. ಹಿಂದಿನವರೂ ಬಿಟ್ಟರು. ನೋಡುನೋಡುತ್ತಿದ್ದಂತೆ ಬಾಗಿಲ ಮುಂದೆ ಚಪ್ಪಲಿ, ರಬ್ಬರ್ ಬೂಟುಗಳೆಲ್ಲ ಬೀದಿಗೆ ಮುಖಮಾಡಿ ಸಾಲುಗಟ್ಟಿದವು. ಹಾಗೇ ಬನ್ನಿ ಎಂದು ಮೇಯರ್ ಕೂಗಿ ಕೂಗಿ ಸುಸ್ತಾದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇವರ ಮುಖ ಕಪ್ಪಿಟ್ಟಿತು. ದೊಡ್ಡವರ ಮನೆಗೆ ಬಂದ ಹಾಗೆ ಹೆದರಿಕೊಂಡು ಬರುತ್ತಿದ್ದಾರೆ, ಎಲ್ಲ ಹಾಳಾಯಿತು ಎಂದು ಗೊಣಗಿದರು. ಕಡೆಗೆ ತಡೆಯಲಾರದೆ, ಒಣಮೀನಿನ ಬುಟ್ಟಿ ಹೊತ್ತು ಬಗ್ಗಿ ಬೂಟು ಎಳೆಯುತ್ತಿದ್ದ ಮುದುಕಿಯ ಹತ್ತಿರ ಹೋದರು.

"ಬಿಚ್ಬೇಡಿ ಅಜ್ಜಿ. ಇದು ನಿಮ್ಮದೇ."

ಮುದುಕಿ ಇವರನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ದು ಅಂತಾನೇ ಬಿಚ್ತಿರೋದು ಕಣಪ್ಪ. ಆ ಹಳೇ ಕಚೇರಿ ಅವರದ್ದು, ಕೆಸರಲ್ಲೇ ನುಗ್ತಿದ್ವಿ. ಸ್ವಂತ ಮನೆಗೆ ಯಾರಾದ್ರೂ ಬೂಟು ಹಾಕ್ಕೊಂಡು ಹೋಗ್ತಾರಾ? ನೀನೂ ಬಿಚ್ಚು."

ಇವರು ಶೂ ಬಿಚ್ಚಿದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ನಾನು ನಾಚಿಕೆಯಿಂದ ಸತ್ತೇ ಹೋದೆ. ಇವರಿಗೆ ಅದರ ಪರಿವೆಯೇ ಇಲ್ಲ; ಒಳಗೆ ಹೋಗಿ, ಕಂಬಕ್ಕೆ ಒರಗಿ ಮಕ್ಕಳಂತೆ ಅತ್ತರು. ಅಷ್ಟು ಸಂತೋಷವಾಗಿದ್ದ ಅವರನ್ನು ನಾನು ಮತ್ತೆ ನೋಡಲಿಲ್ಲ.

ಆಮೇಲೆ ಎಷ್ಟೆಷ್ಟೋ ದೊಡ್ಡ ಕಟ್ಟಡಗಳು, ಎಷ್ಟೆಷ್ಟೋ ಹೆಸರು. ಪ್ರತಿ ಉದ್ಘಾಟನೆಗೂ ನಾವಿಬ್ಬರೂ ಬಾಗಿಲ ಪಕ್ಕ ನಿಲ್ಲುತ್ತಿದ್ದೆವು. ಮಂತ್ರಿಗಳೇ ಬಾಗಿ ವಂದಿಸಿದರೂ ಇವರ ಕಣ್ಣು ಮಾತ್ರ ಬರುವವರ ಕಾಲಿನ ಮೇಲೆ. ನಕ್ಷೆಯಲ್ಲಿ ಬಯಸಿದ್ದ ಹಾಗೆಯೇ, ಎಲ್ಲರೂ ಶೂ ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು.