ಗುಣವತಿಯಮ್ಮ ನೋಡಿ ಆರಿಸಿದ ಮನೆ

ಉರ್ವ ಮಾರ್ಕೆಟಿನ ಹತ್ತಿರ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೀನಿನ ಊಟದ ಹೋಟೆಲು ನಡೆಸಿದ ಗುಣವತಿಯಮ್ಮನ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾದದ್ದು ೧೯೮೩ರ ದೀಪಾವಳಿ ಕಳೆದ ಮೇಲೆ. ತಮ್ಮ ಮಹಾಬಲ ಮತ್ತು ಮಗಳು ಶಶಿಪ್ರಭಾ ದೊಡ್ಡ ಡಾಕ್ಟರ ಕೋಣೆಯಿಂದ ಹೊರಗೆ ಬಂದಾಗ ಇಬ್ಬರೂ ಅವರ ಮುಖ ನೋಡಲಿಲ್ಲ. ಗುಣವತಿಯಮ್ಮ ಬೆಂಚಿನಿಂದ ಎದ್ದು, ತಾನೇ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಇನ್ನು ಕುಯ್ದು ಪ್ರಯೋಜನವಿಲ್ಲ, ನೋವಿಗೆ ಮಾತ್ರ ಮದ್ದು ಕೊಡಬಹುದು, ಮಳೆಗಾಲ ನೋಡುವುದು ಕಷ್ಟ ಎಂದು ಡಾಕ್ಟರ ಬಾಯಿಂದಲೇ ಹೇಳಿಸಿಕೊಂಡು ಹೊರಗೆ ಬಂದರು. ಬಾಯಿ ಒಣಗಿದೆ, ಒಂದು ಬೊಂಡ ಕುಡಿಯುವ ಎಂದರು. ಗೇಟಿನ ಹೊರಗೆ ಎಳನೀರಿನ ಗಾಡಿಯವನ ಹತ್ತಿರ ಮೂವರೂ ನಿಂತು ಬೊಂಡ ಕುಡಿದರು.

ಮಹಾಬಲನಿಗೆ ಬೊಂಬಾಯಿಗೆ ಕರೆದುಕೊಂಡು ಹೋಗಬೇಕೆಂದಿತ್ತು. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ ಶಶಿಪ್ರಭಾ ರಜೆ ಹಾಕಿ ಮನೆಯಲ್ಲೇ ನೋಡಿಕೊಳ್ಳುತ್ತೇನೆ ಎಂದಳು. ಗುಣವತಿಯಮ್ಮ ಎರಡನ್ನೂ ಒಪ್ಪಲಿಲ್ಲ. ಬೊಂಬಾಯಿಯ ಡಾಕ್ಟರು ಬೇರೆ ಹೊಟ್ಟೆ ಕೊಡುವುದಿಲ್ಲವಲ್ಲ ಎಂದರು. ಮನೆ ಅಂದರೆ ಹೋಟೆಲಿನ ಮೇಲಿನ ಎರಡು ಕೋಣೆ. ಕೆಳಗೆ ಬೆಳಕು ಹರಿಯುವ ಮೊದಲೇ ಒಲೆ ಉರಿಯುತ್ತದೆ, ಕಡೆಯುವ ಕಲ್ಲು ಗುಡುಗುತ್ತದೆ.

"ಕೆಳಗೆ ಒಗ್ಗರಣೆ ಸೀದರೆ ನನಗೆ ಮೇಲೆ ಗೊತ್ತಾಗ್ತದೆ. ಮಲಗಿದಲ್ಲಿಂದಲೇ ಬೊಬ್ಬೆ ಹಾಕ್ತೇನೆ. ಅಡಿಗೆಯವರಿಗೂ ಸುಖ ಇಲ್ಲ, ನನಗೂ ಇಲ್ಲ" ಎಂದು ಮಗಳಿಗೆ ಹೇಳಿದರು.

ಹೇಳದೆ ಬಿಟ್ಟ ಮಾತು ಇನ್ನೊಂದಿತ್ತು. ಮಗಳಿಗೂ ಅದು ಗೊತ್ತಿತ್ತು. ಗಂಡ ಶೀನಪ್ಪ ತೀರಿಕೊಂಡದ್ದು ಆಸ್ಪತ್ರೆಯ ಉದ್ದದ ವಾರ್ಡಿನಲ್ಲಿ. ಮೂಗಿಗೆ ನಳಿಗೆ ಹಾಕಿ, ಅದನ್ನು ಕಿತ್ತುಕೊಳ್ಳಬಾರದೆಂದು ಕೈಯನ್ನು ಮಂಚಕ್ಕೆ ಕಟ್ಟಿದ್ದರು. ಅವರಿಗೆ ಹೆಸರಿರಲಿಲ್ಲ, ಮಂಚದ ನಂಬರು ಮಾತ್ರ ಇತ್ತು. ಹೆಂಡತಿಯನ್ನು ಒಳಗೆ ಬಿಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೊನೆಗಾಲದ ರೋಗಿಗಳನ್ನು ಇಟ್ಟುಕೊಂಡು ನೋಡುವ ಕೆಲವು ಜಾಗಗಳು ಊರಿನಲ್ಲಿ ಇವೆಯೆಂದು ಡಾಕ್ಟರು ಹೇಳಿದ್ದನ್ನು ಗುಣವತಿಯಮ್ಮ ಗಟ್ಟಿಯಾಗಿ ಹಿಡಿದುಕೊಂಡರು. ವಿಚಾರಿಸಿ ಬರುತ್ತೇನೆ ಎಂದು ಮಹಾಬಲ ಹೊರಟಾಗ ತಡೆದರು.

"ನಾನು ಹೋಟೆಲಿಗೆ ಅಕ್ಕಿಯನ್ನೇ ಕೈಯಲ್ಲಿ ಹಿಡಿದು ನೋಡದೆ ತಂದವಳಲ್ಲ ಮಾರಾಯ. ಸಾಯುವ ಜಾಗವನ್ನು ನೀನು ಹೇಳಿದ್ದಕ್ಕೆ ತಲೆ ಆಡಿಸ್ಬೇಕಾ? ನಾನೇ ಬರ್ತೇನೆ."

ಹೀಗೆ ಅಕ್ಕ, ತಮ್ಮ, ಮಗಳು ಮಹಾಬಲನ ಅಂಬಾಸಿಡರಿನಲ್ಲಿ ಹೊರಟರು. ಮೊದಲು ನೋಡಿದ್ದು ಬಲ್ಮಠದ ಕಡೆ ಹೊಸದಾಗಿ ಶುರುವಾಗಿದ್ದ ನರ್ಸಿಂಗ್ ಹೋಮು. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಜನರೇಟರ್ ಇತ್ತು, ಪ್ರತಿ ಮಾಳಿಗೆಗೂ ಟೆಲಿಫೋನಿತ್ತು. ಮಹಾಬಲನಿಗೆ ಕೂಡಲೇ ಮನಸ್ಸಿಗೆ ಬಂತು. ಮ್ಯಾನೇಜರು ಒಂದೊಂದೇ ಕೋಣೆಯ ಬಾಗಿಲು ತೆರೆದು ತೋರಿಸುತ್ತಾ ಹೋದ. ಗುಣವತಿಯಮ್ಮ ಗೋಡೆ ಹಿಡಿದು ನಿಧಾನವಾಗಿ ಹಿಂದೆ ಉಳಿದರು. ಒಂದು ಕೋಣೆಯಲ್ಲಿ ಒಬ್ಬ ಮುದುಕಿ ಒಬ್ಬಳೇ ಮಲಗಿದ್ದಳು. ನೀರಿನ ಲೋಟ ಕಿಟಕಿಯ ದಂಡೆಯ ಮೇಲಿತ್ತು. ಮಂಚದಿಂದ ಕೈ ಚಾಚಿದರೆ ಸಿಗುವ ಹಾಗಿರಲಿಲ್ಲ. ಗುಣವತಿಯಮ್ಮ ಒಳಗೆ ಹೋಗಿ ಲೋಟ ತಂದು ಬಾಯಿಗೆ ಹಿಡಿದರು. ಮುದುಕಿ ಅಷ್ಟನ್ನೂ ಕುಡಿದಳು.

ಹೊರಡುವಾಗ ಮ್ಯಾನೇಜರನ್ನು ಒಂದೇ ಮಾತು ಕೇಳಿದರು. ಇಲ್ಲಿ ಕೊನೆಯದಾಗಿ ತೀರಿಹೋದವರು ಯಾರು?

ಅವನು ಗಾಬರಿಯಾದ. "ಅಯ್ಯೋ ಅಮ್ಮ, ಅಂಥ ಮಾತೆಲ್ಲ ಎಂತಕ್ಕೆ? ಇಲ್ಲಿಗೆ ಬಂದವರೆಲ್ಲ ಹುಷಾರಾಗಿ ಮನೆಗೆ ಹೋಗ್ತಾರೆ."

ಗುಣವತಿಯಮ್ಮ ನಕ್ಕು ಕೈಮುಗಿದು ಕಾರು ಹತ್ತಿದರು. ನಾನು ಸಾಯಲಿಕ್ಕೆ ಹೊರಟವಳು, ಅದನ್ನು ಬಾಯಿಬಿಟ್ಟು ಹೇಳಲಿಕ್ಕೆ ಹೆದರುವವರ ಹತ್ತಿರ ಎಂತ ಮಾತಾಡುವುದು ಎಂದು ದಾರಿಯಲ್ಲಿ ಶಶಿಪ್ರಭಾಳ ಹತ್ತಿರ ಹೇಳಿದರು.

ಇನ್ನೊಂದು ಜಾಗ ಕುಲಶೇಖರದಲ್ಲಿತ್ತು. ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತಿಯಾದ ಎಸ್ತೆರ್ ಬಾಯಿ ತನ್ನ ಹೆಂಚಿನ ಮನೆಯಲ್ಲೇ ಏಳೆಂಟು ಮಂಚ ಹಾಕಿ ಇಂಥವರನ್ನು ನೋಡಿಕೊಳ್ಳುತ್ತಿದ್ದರು. ಹೊರಗಿನಿಂದ ನೋಡಿದರೆ ಬೋರ್ಡೂ ಇಲ್ಲ. ಸಿಮೆಂಟಿನ ನೆಲ ಅಲ್ಲಲ್ಲಿ ಬಿರುಕು ಬಿಟ್ಟಿತ್ತು, ಜಗಲಿಯ ಫ್ಯಾನು ತಿರುಗುತ್ತಿರಲಿಲ್ಲ. ಎಸ್ತೆರ್ ಬಾಯಿ ಒಬ್ಬ ಮುದುಕನ ತಲೆಯನ್ನು ತೋಳಿನಲ್ಲಿ ಆನಿಸಿಕೊಂಡು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಬಂದವರನ್ನು ನೋಡಿ, ಕೂತುಕೊಳ್ಳಿ, ಇವರದ್ದು ಮುಗಿಯಲಿ ಎಂದಷ್ಟೇ ಹೇಳಿದರು. ಮುದುಕ ಒಂದು ಚಮಚ ನುಂಗಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದ. ಮಹಾಬಲ ಎರಡು ಸಲ ವಾಚು ನೋಡಿದ; ನಾವು ಬಂದದ್ದು ಗೊತ್ತಾಗಲಿಲ್ಲವೋ ಏನೋ ಎಂದು ಗೊಣಗಿದ. ಗುಣವತಿಯಮ್ಮ ಕಣ್ಣು ಕದಲಿಸದೆ ಆ ಚಮಚವನ್ನೇ ನೋಡುತ್ತಿದ್ದರು.

ಬಟ್ಟಲು ಖಾಲಿಯಾದ ಮೇಲೆ ಎಸ್ತೆರ್ ಬಾಯಿ ಕೈ ತೊಳೆದು ಬಂದು ಕೂತರು. ಬಲ್ಮಠದಲ್ಲಿ ಕೇಳಿದ್ದನ್ನೇ ಗುಣವತಿಯಮ್ಮ ಇಲ್ಲಿಯೂ ಕೇಳಿದರು. ಎಸ್ತೆರ್ ಬಾಯಿ ತಡವರಿಸಲಿಲ್ಲ. ಹೋದ ವಾರ ಕಿನ್ನಿ ಎಂಬ ಹೆಂಗಸು ತೀರಿಕೊಂಡಳು, ಬೀಡಿ ಕಟ್ಟುತ್ತಿದ್ದವಳು, ಹಾಡು ಚೆನ್ನಾಗಿ ಹೇಳುತ್ತಿದ್ದಳು, ಮಗನ ತೊಡೆಯ ಮೇಲೆ ಹೋದಳು ಎಂದರು. ಅದಕ್ಕಿಂತ ಹಿಂದಿನವರದ್ದು ಅಷ್ಟು ಚೆನ್ನಾಗಿ ಆಗಲಿಲ್ಲ ಎಂದೂ ಹೇಳಿದರು. ಆ ಮನುಷ್ಯನಿಗೆ ನೋವು ಬಹಳ ಇತ್ತು. ತನ್ನಿಂದ ಪೂರಾ ಇಳಿಸಲಿಕ್ಕೆ ಆಗಿರಲಿಲ್ಲ.

"ಇಲ್ಲಿ ಯಾವಾಗಲೂ ಡಾಕ್ಟರು ಇರುವುದಿಲ್ಲ. ಡಾಕ್ಟರ್ ಜೆರೋಮ್ ವಾರಕ್ಕೆ ಎರಡು ಸಲ ಬರ್ತಾರೆ, ಕರೆದರೆ ಮಧ್ಯದಲ್ಲೂ ಬರ್ತಾರೆ. ನೀವು ಅದನ್ನು ತಿಳಿದುಕೊಂಡೇ ಬರಬೇಕು. ಆಮೇಲೆ ಹೇಳಲಿಲ್ಲ ಅಂತ ಆಗಬಾರದು" ಎಂದರು.

ಗುಣವತಿಯಮ್ಮ ಅಡಿಗೆಮನೆ ನೋಡಬೇಕೆಂದರು. ಡಾಲಿ ಎಂಬ ಮಧ್ಯವಯಸ್ಸಿನ ಹೆಂಗಸು ಅಲ್ಲಿ ಗಂಜಿ ಬೇಯಿಸುತ್ತಿದ್ದಳು. ಮಡಿಕೆ, ಪಾತ್ರೆ ಎಲ್ಲ ಸ್ವಚ್ಛವಾಗಿದ್ದವು. ಗಂಜಿಯನ್ನು ಬಾಯಿಗೆ ಹಾಕಿ ನೋಡಿ ಗುಣವತಿಯಮ್ಮ ಮುಖ ಸಿಂಡರಿಸಿದರು. ಆದರೂ ಹೊರಗೆ ಬಂದು ಒಂದು ವಾರ ಇದ್ದು ನೋಡುತ್ತೇನೆ ಎಂದರು. ಎಸ್ತೆರ್ ಬಾಯಿ ಅದಕ್ಕೂ ಸರಿ ಎಂದರು.

ಆ ವಾರ ಗುಣವತಿಯಮ್ಮ ಮಲಗಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಸಂಜೆ ಬ್ಯಾಂಕು ಬಿಟ್ಟು ಸಿಟಿ ಬಸ್ಸಿನಲ್ಲಿ ಬರುತ್ತಿದ್ದ ಶಶಿಪ್ರಭಾಳಿಗೆ ದಿನದ ವರದಿ ಒಪ್ಪಿಸುತ್ತಿದ್ದರು. ಹಾಸಿಗೆ ಒದ್ದೆ ಮಾಡಿಕೊಂಡವರಿಗೆ ಯಾರೂ ಗದರುವುದಿಲ್ಲ. ಮಾತು ನಿಂತವರಿಗೂ ಹೆಸರು ಹಿಡಿದು ಹೇಳಿಯೇ ಮಗ್ಗುಲು ಬದಲಿಸುತ್ತಾರೆ. ನೋಡಲು ಬರುವವರಿಗೆ ಹೊತ್ತುಗೊತ್ತಿನ ಕಟ್ಟಳೆಯಿಲ್ಲ. ಆದರೆ ಊಟಕ್ಕೆ ರುಚಿಯೆಂಬುದಿಲ್ಲ. ರೋಗಿಗಳೆಂದರೆ ನಾಲಗೆಯೂ ಸತ್ತಿರುತ್ತದೆ ಎಂದು ತಿಳಿದಿದ್ದಾರೆ.

ಈ ಕೊನೆಯ ವಿಷಯದಲ್ಲಿ ಅವರಿಗೆ ಒಬ್ಬ ಜೊತೆಗಾರ ಸಿಕ್ಕಿದ. ಗಂಜಿ ಕುಡಿಯುತ್ತಿದ್ದ ಮುದುಕನೇ ಅವನು, ಬೆಂಗ್ರೆಯ ದೂಮಪ್ಪ, ಇಡೀ ಆಯುಷ್ಯ ಕಡಲಿಗೆ ಹೋದವನು. ಗಂಟಲಿನ ರೋಗ. ದನಿ ಗಾಳಿಯ ಹಾಗೆ ಬರುತ್ತಿತ್ತು. ಅಕ್ಕ, ಇಲ್ಲಿಯವರು ದೇವರಂಥವರು, ಆದರೆ ಮೀನು ಗೊತ್ತಿಲ್ಲ ಎಂದು ದೂಮಪ್ಪ ದೂರಿದ. ಅವನ ಮಗಳು ದಮಯಂತಿ ದಕ್ಕೆಯಲ್ಲಿ ದೋಣಿಯಿಂದ ಇಳಿದ ಮೀನನ್ನು ಕೊಂಡು ಮಾರುವವಳು. ಅಪ್ಪನನ್ನು ನೋಡಲು ಬಂದಾಗ ಗುಣವತಿಯಮ್ಮ ಅವಳಿಗೆ ಕಾಣೆ ಮೀನು ತರಲು ಹೇಳಿದರು. ಮರುದಿನ ಅಡಿಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಡಾಲಿಯ ಕೈಯಲ್ಲಿ ಸಾರು ಮಾಡಿಸಿದರು. ಖಾರ ಹೆಸರಿಗೆ ಮಾತ್ರ, ಹುಳಿ ಸ್ವಲ್ಪ, ತೆಂಗಿನ ಹಾಲು ಕೊನೆಗೆ. ಬೆಂದ ಮೀನಿನ ಮುಳ್ಳು ತೆಗೆದು, ಬೆರಳಲ್ಲಿ ಹಿಸುಕಿ, ಗಂಜಿಯ ತಿಳಿಯಲ್ಲಿ ಕದಡಿದರು. ದೂಮಪ್ಪ ಅರ್ಧ ಬಟ್ಟಲು ಕುಡಿದು ಕಣ್ಣು ಮುಚ್ಚಿಕೊಂಡ. ಡಾಲಿಗೆ ಬೇಸರವಾಗಿರಬಹುದೆಂದು ಶಶಿಪ್ರಭಾ ಅಂಜಿದ್ದಳು. ಡಾಲಿ ಮಾತ್ರ ಆ ಸಾರನ್ನು ಮನೆಗೂ ಒಂದು ಬಟ್ಟಲು ಕೊಂಡು ಹೋದಳು.

ವಾರ ಮುಗಿಯುವ ಮೊದಲೇ ಎಡವಟ್ಟೂ ಆಯಿತು. ಒಂದು ಮಧ್ಯಾಹ್ನ ಗುಣವತಿಯಮ್ಮನಿಗೆ ನೋವು ಎದ್ದಿತು. ಎಸ್ತೆರ್ ಬಾಯಿ ಸಂಬಂಧಿಕರ ಮದುವೆಗೆ ಹೋಗಿದ್ದರು. ಡಾಲಿ ಕಪಾಟು ತೆರೆದರೆ ನೋವಿನ ಮದ್ದಿನ ಬಾಟಲಿಯಲ್ಲಿ ತಳ ಕಾಣುತ್ತಿತ್ತು, ಯಾರೂ ಗಮನಿಸಿರಲಿಲ್ಲ. ಡಾಲಿ ಬಿಸಿನೀರಿನ ಚೀಲ ಇಟ್ಟಳು, ಬೆನ್ನು ತಿಕ್ಕಿದಳು, ಪಕ್ಕದ ಮನೆಯವರನ್ನು ಡಾಕ್ಟರಲ್ಲಿಗೆ ಅಟ್ಟಿದಳು. ಡಾಕ್ಟರು ಊರಲ್ಲಿರಲಿಲ್ಲ. ಸಂಜೆ ಎಸ್ತೆರ್ ಬಾಯಿ ಬಂದವರು ಜರಿಸೀರೆಯಲ್ಲೇ ಆಟೋ ಹತ್ತಿ, ತಾನು ಕೆಲಸ ಮಾಡಿದ ಆಸ್ಪತ್ರೆಗೆ ಹೋಗಿ ಮದ್ದು ತಂದರು. ಅಷ್ಟರಲ್ಲಿ ಕಚ್ಚಿ ಕಚ್ಚಿ ಗುಣವತಿಯಮ್ಮನ ತುಟಿಯಲ್ಲಿ ರಕ್ತ ಬಂದಿತ್ತು.

ಮರುದಿನ ಮಹಾಬಲ ಕಾರು ತಂದ. ಬಲ್ಮಠದಲ್ಲಿ ಕೋಣೆ ಹೇಳಿ ಬಂದಿದ್ದೇನೆ, ಹೊರಡುವ ಎಂದ. ಅಷ್ಟು ಹೊತ್ತಿಗೆ ಎಸ್ತೆರ್ ಬಾಯಿ ಒಳಗೆ ಬಂದು ಮಂಚದ ಹತ್ತಿರ ನಿಂತರು. ಕೂತುಕೊಳ್ಳಲಿಲ್ಲ.

"ನಿನ್ನೆ ಆದದ್ದು ನನ್ನ ತಪ್ಪು ಅಮ್ಮ. ಬಾಟಲಿ ನೋಡಿ ಹೋಗಬೇಕಿತ್ತು, ನೋಡಲಿಲ್ಲ. ನೀವು ಅಷ್ಟು ಹೊತ್ತು ಅನುಭವಿಸಿದಿರಿ. ಇವತ್ತು ಎರಡು ಬಾಟಲಿ ತಂದಿಟ್ಟಿದ್ದೇನೆ. ನೀವು ಹೋಗ್ತೀರಾದರೆ ನಾನು ತಡೆಯುವುದಿಲ್ಲ."

ಮಹಾಬಲ ಏನೋ ಬಿರುಸಾಗಿ ಹೇಳಲು ಹೊರಟಿದ್ದ. ಗುಣವತಿಯಮ್ಮ ಕೈಯೆತ್ತಿ ಅವನನ್ನು ನಿಲ್ಲಿಸಿದರು. ಎಸ್ತೆರ್ ಬಾಯಿ ಹೊರಗೆ ಹೋದ ಮೇಲೆ ತಮ್ಮನನ್ನು ಹತ್ತಿರ ಕೂರಿಸಿಕೊಂಡರು.

"ಸಾರು ಹಾಳಾಗದ ಹೋಟೆಲು ಎಲ್ಲಿಯೂ ಇಲ್ಲ ಮಹಾಬಲ. ನಮ್ಮಲ್ಲೂ ಆಗಿತ್ತು. ಹಾಳಾದ ದಿವಸ ಧಣಿ ಒಳಗೆ ಅಡಗಿ ಕೂತ್ಕೊಳ್ತಾನಾ, ಮೇಜಿನ ಹತ್ತಿರ ಬಂದು ಹೇಳ್ತಾನಾ, ಅಷ್ಟೇ ನೋಡ್ಬೇಕು. ನಾನು ಇಲ್ಲೇ ಇರ್ತೇನೆ."

"ಮತ್ತೆ ಹೀಗೆ ಆದರೆ ಅಕ್ಕ?"

"ಆಗಬಹುದು. ಆಗಲೂ ಎಸ್ತೆರ್ ಬಾಯಿ ಬಂದು ನಿಲ್ತಾರೆ."

ಮಹಾಬಲ ಕಾರಿನಲ್ಲಿ ಒಬ್ಬನೇ ವಾಪಸು ಹೋದ. ಅವನ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಆದರೆ ಮರುವಾರ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕಳಿಸಿ ಜಗಲಿಯ ಫ್ಯಾನು ಸರಿಮಾಡಿಸಿದ.

ಆಮೇಲಿನ ತಿಂಗಳುಗಳು ಗುಣವತಿಯಮ್ಮನಿಗೆ ಸುಖದಲ್ಲಿ ಹೋದವು ಎಂದರೆ ಕೇಳಿದವರು ನಂಬುವುದಿಲ್ಲ. ನೋವು ಇತ್ತು, ಆದರೆ ಹೆಚ್ಚಾಗಿ ಹತೋಟಿಯಲ್ಲಿತ್ತು. ಬೆಳಿಗ್ಗೆ ಡಾಲಿ ಬಂದು ಇವತ್ತು ಎಂತ ಮಾಡುವುದು ಎಂದು ಕೇಳುತ್ತಿದ್ದಳು. ಒಬ್ಬೊಬ್ಬರಿಗೆ ಯಾವುದು ಸೇರುತ್ತದೆ ಎಂದು ಗುಣವತಿಯಮ್ಮ ಮಂಚದಲ್ಲಿ ಕೂತೇ ಹೇಳುತ್ತಿದ್ದರು. ಸಂಜೆ ದೂಮಪ್ಪನ ಜೊತೆ ಜಗಲಿಯಲ್ಲಿ ಕೂತು, ಬಂಗುಡೆ ಮೀನು ರುಚಿಯೋ ಬೂತಾಯಿ ರುಚಿಯೋ ಎಂದು ಜಗಳ. ಹೋಟೆಲನ್ನು ಅಡಿಗೆಯವರೇ ಸುಧಾರಿಸಿಕೊಂಡು ಹೋಗುತ್ತಿದ್ದರು. ಮೊದಮೊದಲು ಅದರ ಸುದ್ದಿ ಕೇಳುತ್ತಿದ್ದ ಗುಣವತಿಯಮ್ಮ ಕ್ರಮೇಣ ಕೇಳುವುದನ್ನು ಬಿಟ್ಟರು. ಶಶಿಪ್ರಭಾ ಕೆಲಸದ ಆಯಾಸದಲ್ಲಿ ಬಂದು ತಾಯಿಯ ಕಾಲ ಬುಡದಲ್ಲಿ ಒರಗಿದರೆ ಅಲ್ಲೇ ನಿದ್ದೆ ಬಂದುಬಿಡುತ್ತಿತ್ತು. ಚಿಕ್ಕಂದಿನಿಂದ ಹೋಟೆಲಿನ ಗದ್ದಲದಲ್ಲಿ ತಾಯಿ ಅವಳಿಗೆ ಒಬ್ಬಳಿಗೇ ಸಿಕ್ಕಿದ್ದು ಕಡಿಮೆ. ಈಗ ಸಿಕ್ಕಿದ್ದರು.

ಶಿವರಾತ್ರಿಯ ಸುಮಾರಿಗೆ ದೂಮಪ್ಪ ತೀರಿಕೊಂಡ. ಗುಣವತಿಯಮ್ಮ ಆ ದಿನ ಎಲ್ಲವನ್ನೂ ನೋಡಿದರು. ಎಸ್ತೆರ್ ಬಾಯಿ ಮೊದಲೇ ದಮಯಂತಿಗೆ ಹೇಳಿ ಕಳಿಸಿದ್ದರು. ಅವಳು ದಕ್ಕೆಯಿಂದ ಹಾಗೇ ಓಡಿ ಬಂದು ಅಪ್ಪನ ಕೈ ಹಿಡಿದು ಕೂತಿದ್ದಳು. ಉಸಿರು ನಿಂತ ಮೇಲೆ ಯಾರೂ ಪರದೆ ಎಳೆದು ಗುಟ್ಟು ಮಾಡಲಿಲ್ಲ. ದೂಮಪ್ಪಣ್ಣ ಹೋದರು ಎಂದು ಎಸ್ತೆರ್ ಬಾಯಿ ಪ್ರತಿ ಮಂಚದ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು. ಬಿಸಿನೀರಿನಲ್ಲಿ ಮೈ ಒರೆಸಿದರು, ಬದುಕಿದ್ದವನಿಗೆ ಹೇಳುವ ಹಾಗೆ, ಈಗ ಕೈ ಎತ್ತುತ್ತೇನೆ ದೂಮಪ್ಪಣ್ಣ, ಈಗ ತಿರುಗಿಸುತ್ತೇನೆ ಎಂದು ಹೇಳುತ್ತಾ. ದೂಮಪ್ಪನ ಕಡೆಯ ಜನ ಬಂದು ತಮ್ಮ ಕ್ರಮದ ಪ್ರಕಾರ ಕೊಂಡು ಹೋಗುವ ತನಕ ಡಾಲಿ ದೀಪ ಇಟ್ಟು ಕಾದಳು.

ಸಂಜೆ ಬಂದ ಶಶಿಪ್ರಭಾಳಿಗೆ ಗುಣವತಿಯಮ್ಮ ಇದನ್ನೆಲ್ಲ ಹೇಳಿದರು. ಅವರ ಕಣ್ಣು ತುಂಬಿತ್ತು, ಆದರೆ ಮುಖ ತಿಳಿಯಾಗಿತ್ತು.

"ಇದೊಂದು ನೋಡಲಿಕ್ಕೆ ಬಾಕಿ ಇತ್ತು. ಚೆನ್ನಾಗಿ ಮಾಡ್ತಾರೆ ಮಗಾ. ನನಗೆ ಇನ್ನು ಹೆದರಿಕೆ ಇಲ್ಲ."

ಗುಣವತಿಯಮ್ಮ ಹೋದದ್ದು ಎಪ್ರಿಲಿನಲ್ಲಿ, ಬಿಸು ಹಬ್ಬ ಕಳೆದು, ಒಂದು ಬೆಳಿಗ್ಗೆ. ಕೊನೆಯ ಎರಡು ದಿನ ಹೆಚ್ಚು ಎಚ್ಚರವಿರಲಿಲ್ಲ. ಮಗಳು ಒಂದು ಬದಿ, ತಮ್ಮ ಒಂದು ಬದಿ ಕೂತಿದ್ದರು. ಮಹಾಬಲ ಅಕ್ಕನ ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದ. ಉಸಿರು ಹೇಗೆ ನಿಧಾನವಾಗುತ್ತದೆ, ಅದರಲ್ಲಿ ಹೆದರುವಂಥದ್ದು ಏನಿಲ್ಲ ಎಂದು ಎಸ್ತೆರ್ ಬಾಯಿ ಮೊದಲೇ ತಿಳಿಸಿ ಹೇಳಿದ್ದರಿಂದ ಇಬ್ಬರೂ ಗಾಬರಿಪಡಲಿಲ್ಲ.

ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಹೋಟೆಲಿನಲ್ಲೇ ಆಯಿತು. ಎಸ್ತೆರ್ ಬಾಯಿ ಡಾಲಿಯನ್ನು ಮನೆಯಲ್ಲಿ ರೋಗಿಗಳ ಹತ್ತಿರ ಬಿಟ್ಟು ಒಬ್ಬರೇ ಬಂದರು. ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು, ಪಾಯಸವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಊಟವಾದ ಮೇಲೆ ಮಹಾಬಲ ಅಡಿಗೆಯವರ ಹತ್ತಿರ ಪಾಯಸ, ಪಲ್ಯ, ಅನ್ನವನ್ನು ದೊಡ್ಡ ದೊಡ್ಡ ಟಿಫಿನ್ ಕ್ಯಾರಿಯರಿನಲ್ಲಿ ತುಂಬಿಸಿ ತಾನೇ ಕಾರಿನಲ್ಲಿಟ್ಟ. ಎಸ್ತೆರ್ ಬಾಯಿ ಹಿಂದಿನ ಸೀಟಿನಲ್ಲಿ ಕೂತರು. ಶಶಿಪ್ರಭಾ ಸೆರಗಿಗೆ ಕೈ ಒರೆಸಿಕೊಂಡು ಬಂದು, ಬಡಿಸಲಿಕ್ಕೆ ನಾನೂ ಬರ್ತೇನೆ ಎಂದು ಅವರ ಪಕ್ಕದಲ್ಲಿ ಹತ್ತಿದಳು. ಕಾರು ಕುಲಶೇಖರದ ಕಡೆ ಹೊರಟಿತು.